ಕುದಿಸಿದ್ರೂ ಸಾಯದ ಸ್ಪೋರನ್ನು ಬೈಹುಲ್ಲಿನ ನೀರಲ್ಲಿ ಎಬ್ಬಿಸಿ ನೋಡುದು ಹೇಗೆ

ಒಂದು ಸಲ ಚೆನ್ನಾಗಿ ಕುದಿಸಿದ್ರೆ ಎಲ್ಲ ಸತ್ತು ಹೋಗ್ತದೆ ಅಂತ ನಮ್ಮಲ್ಲಿ ಹೆಚ್ಚಿನವರ ಲೆಕ್ಕ. ಅಕ್ಕನ ಮಗಳದ್ದೂ ಅದೇ ಲೆಕ್ಕ. ಪಿಯುಸಿ ಓದುವವಳು, ಕಳೆದ ವರ್ಷ ಸೈನ್ಸ್ ಪ್ರಾಜೆಕ್ಟಿಗೆ ಎಂಥ ಮಾಡುದು ಮಾಮ ಅಂತ ಕೇಳಿದ್ಲು, ನಾನು ಮಂಗಳೂರಲ್ಲಿ ಒಂದು ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬಲ್ಲಿ ಸುಮಾರು ವರ್ಷ ಬಾಟ್ಲಿ ತೊಳೆದವ, ಹಾಗಾಗಿ ಒಂದು ಹಿಡಿ ಬೈಹುಲ್ಲು ಮತ್ತೆ ಹಾರ್ಲಿಕ್ಸಿನ ಐದು ಹಳೆ ಗಾಜಿನ ಬಾಟ್ಲಿ ಸಾಕು ಮಾರಾಯ್ತಿ ಅಂದೆ. ಅದನ್ನೇ ಇಲ್ಲಿ ಬರ್ದಿದ್ದೇನೆ, ಅಡುಗೆ ಮನೆಯಲ್ಲೇ ಮಾಡ್ಲಿಕ್ಕಾಗ್ತದೆ, ನಾಲ್ಕೈದು ದಿನ ಹಿಡೀತದೆ.

ಹುಲ್ಲಲ್ಲಿ, ಮಣ್ಣಲ್ಲಿ, ಅಕ್ಕಿಯಲ್ಲಿ ಎಲ್ಲ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಇರ್ತವೆ. ತಿನ್ಲಿಕ್ಕೆ ಸಿಗದಿದ್ರೆ ಇವು ಸಾಯುವ ಬದಲು ತಮ್ಮೊಳಗೇ ಒಂದು ಗಟ್ಟಿ ಉಂಡೆ ಕಟ್ಟಿ ಮಲಗಿ ಬಿಡ್ತವೆ, ಅದೇ ಸ್ಪೋರ್. ನಮ್ಮ ತೆಂಗಿನಕಾಯಿ ಇದ್ದ ಹಾಗೆ ಅಂತ ಇಟ್ಕೊಳ್ಳಿ. ಹೊರಗೆ ಪ್ರೋಟೀನಿನ ಸಿಪ್ಪೆ, ಅದರ ಒಳಗೆ ಗೆರಟೆಯ ಜಾಗದಲ್ಲಿ ಕಾರ್ಟೆಕ್ಸ್ ಅನ್ನುವ ದಪ್ಪ ಪದರ, ಅದರೊಳಗೆ ತಿರುಳು. ಆದ್ರೆ ತಿರುಳು ಬನ್ನಂಗಾಯಿಯ ಹಾಗೆ ಅಲ್ಲ, ಒಣಗಿದ ಕೊಬ್ಬರಿಯ ಹಾಗೆ. ಎದ್ದಿರುವ ಬ್ಯಾಕ್ಟೀರಿಯಾದಲ್ಲಿ ಸುಮಾರು 80% ನೀರಿದ್ರೆ ಸ್ಪೋರಿನ ತಿರುಳಲ್ಲಿ 25ರಿಂದ 50% ಮಾತ್ರ, ನೀರಿನ ಜಾಗದಲ್ಲಿ ಡೈಪಿಕೋಲಿನಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ತುಂಬಿಕೊಂಡಿರ್ತದೆ, ಡಿಎನ್ಎಗೆ ಬೇರೆ ಪುಟ್ಟ ಪುಟ್ಟ ಪ್ರೋಟೀನುಗಳು ಕಂಬಳಿ ಹೊದ್ದಿಸಿದ ಹಾಗೆ ಅಂಟಿಕೊಂಡಿರ್ತವೆ. ಅಷ್ಟು ಒಣಗಿದ್ದಕ್ಕೆ 100 ಡಿಗ್ರಿ ಅದಕ್ಕೆ ಲೆಕ್ಕವೇ ಅಲ್ಲ.

ಮೊದಲು ಹುಲ್ಲಿನ ನೀರು ಮಾಡಿ. ಹುಲ್ಲನ್ನು ಕುತ್ರಿಯಿಂದ ತನ್ನಿ, ಹಟ್ಟಿಯೊಳಗೆ ದನ ಮೆಟ್ಟಿದ್ದು ಬೇಡ, ಸೆಗಣಿ ಮಣ್ಣಲ್ಲಿ ಟೆಟನಸ್ ಸ್ಪೋರ್ ಇರ್ಲಿಕ್ಕೆ ಸಾಧ್ಯ ಉಂಟು, ಅದು ಇನ್ನೊಂದು ಜಾತಿಯ ಮಲಗಿದ ಬ್ಯಾಕ್ಟೀರಿಯಾ, ಕೈಯಲ್ಲಿ ಗಾಯ ಇದ್ರೆ ಯಾವ ಹುಲ್ಲೇ ಆಗ್ಲಿ ಗ್ಲೌಸ್ ಹಾಕಿ. ಪೇಟೆಯಲ್ಲಿ ಹುಲ್ಲು ಸಿಗದವರು ಗುಜರಿ ಅಂಗಡಿಯಲ್ಲೋ ಹಣ್ಣಿನ ಅಂಗಡಿಯಲ್ಲೋ ಪ್ಯಾಕಿಂಗಿಗೆ ಹಾಕಿದ ಹುಲ್ಲು ಕೇಳಿದ್ರೆ ಸುಮ್ಮನೆ ಕೊಡ್ತಾರೆ. ಒಂದು ಹಿಡಿ ಹುಲ್ಲನ್ನು ಕತ್ತರಿಯಲ್ಲಿ ಇಂಚಿನುದ್ದ ಕತ್ತರಿಸಿ ಒಂದೂವರೆ ಲೀಟರ್ ಬಾವಿ ನೀರಲ್ಲಿ ರಾತ್ರಿ ನೆನೆ ಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ನಳ್ಳಿ ನೀರಾದ್ರೆ ಹಿಂದಿನ ದಿನವೇ ತುಂಬಿಸಿ ತೆರೆದಿಡಿ, ಕ್ಲೋರಿನ್ ಹೋಗ್ಲಿ. ಚಹಾದ ಬಣ್ಣದ ನೀರು ಬರ್ತದೆ. ಅದು ಸ್ವಲ್ಪ ಹುಳಿ ಇರ್ತದೆ, ಒಂದು ಚಿಟಿಕೆ ಸೋಡಾಪುಡಿ ಹಾಕಿ, ಜಾಸ್ತಿ ಬೇಡ. ಹುಳಿ ಇದ್ರೆ ಸ್ಪೋರ್ ಏಳ್ಲಿಕ್ಕೆ ಮನಸ್ಸು ಮಾಡುದಿಲ್ಲ, ಅದರ ವಿಷಯ ಐದನೇ ಬಾಟ್ಲಿಯಲ್ಲಿ ಬರ್ತದೆ.

ಐದು ಬಾಟ್ಲಿಗೂ ಅರ್ಧರ್ಧ ತುಂಬಿಸಿ, ಬಾಯಿಗೆ ಹತ್ತಿ ಗಟ್ಟಿಯಾಗಿ ತುರುಕಿ, ಮುಚ್ಚಳ ಹಾಕ್ಬೇಡಿ, ಗಾಳಿ ಹೋಗ್ಬೇಕು ಧೂಳು ಹೋಗಬಾರದು. ಬಾಟ್ಲಿ ಮೇಲೆ ನಂಬರ್ ಬರೀರಿ, ನಾಳೆ ನೆನಪಿರ್ತದೆ ಅಂತ ಹೇಳಿ ಬರೆಯದೆ ಇದ್ದವರು ಯಾರಿಗೂ ನಾಳೆ ನೆನಪಿರ್ಲಿಲ್ಲ, ಲ್ಯಾಬಲ್ಲಿ ನೋಡಿದ್ದೇನೆ.

ಒಂದನೇದ್ದನ್ನು ಹಾಗೇ ಇಡಿ, ಕುದಿಸ್ಲಿಕ್ಕಿಲ್ಲ. ಎರಡನೇದ್ದನ್ನು ಒಂದು ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ನಿಲ್ಲಿಸಿ, ಪಾತ್ರೆಯ ತಳಕ್ಕೆ ಹಳೆ ಬಟ್ಟೆ ಹಾಕಿ ಇಲ್ಲದಿದ್ರೆ ಗಾಜು ಒಡೀತದೆ, ಹೊರಗಿನ ನೀರು ಕುದೀಲಿಕ್ಕೆ ಶುರುವಾದ ಮೇಲೆ ಇಪ್ಪತ್ತು ನಿಮಿಷ. ಮೂರನೇದ್ದಕ್ಕೂ ಹಾಗೇ ಇಪ್ಪತ್ತು ನಿಮಿಷ, ಆದ್ರೆ ಇವತ್ತು ಒಮ್ಮೆ, ನಾಳೆ ಅದೇ ಹೊತ್ತಿಗೆ ಒಮ್ಮೆ, ನಾಡಿದ್ದು ಒಮ್ಮೆ, ಮಧ್ಯದಲ್ಲಿ ಹೊರಗೇ ಇಡುದು. ನಾಲ್ಕನೇದ್ದು ಪ್ರೆಶರ್ ಕುಕ್ಕರಿಗೆ, ಹತ್ತಿಯ ಮೇಲೆ ಫಾಯಿಲ್ ಸುತ್ತಿ, ಕುಕ್ಕರಲ್ಲಿ ಎರಡಿಂಚು ನೀರು, ಮೊದಲ ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಆಮೇಲೆ ತನ್ನಷ್ಟಕ್ಕೇ ತಣ್ಣಗಾಗ್ಲಿ. ವೈಟ್ ಎತ್ತಿ ಅವಸರ ಮಾಡಿದ್ರೆ ಒಳಗಿದ್ದ ನೀರು ಉಕ್ಕಿ ಹತ್ತಿ ಎಲ್ಲ ಚಂಡಿ ಆಗ್ತದೆ. ಐದನೇದ್ದಕ್ಕೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಎರಡನೇದ್ದರ ಹಾಗೆ ಒಂದೇ ಸಲ ಕುದಿಸಿ.

ಆಮೇಲೆ ಎಲ್ಲವನ್ನೂ ಬಿಸಿಲು ನೇರ ಬೀಳದ ಮೂಲೆಯಲ್ಲಿಡಿ. ಇನ್‌ಕ್ಯುಬೇಟರ್ ಬೇಕಾ ಅಂತ ಕೇಳ್ಬೇಡಿ, ನಮ್ಮ ಊರಿನ ಸೆಖೆಯೇ ಇನ್‌ಕ್ಯುಬೇಟರ್. ಏಪ್ರಿಲ್ ಮೇಯಲ್ಲಂತೂ ಮನುಷ್ಯರಿಗೆ ನಿದ್ರೆ ಬರುದಿಲ್ಲ, ಇವು ಎದ್ದು ಕೂರ್ತವೆ.

ಮರುದಿನ ಒಂದನೇ ಬಾಟ್ಲಿ ಕಲಂಕಿ ಹೋಗಿ ವಾಸನೆ ಬರ್ತದೆ, ಅದರಲ್ಲಿ ಊರಿನ ಎಲ್ಲ ಜಾತಿಯೂ ಉಂಟು. ನೋಡ್ಬೇಕಾದ್ದು ಎರಡನೇದ್ದು. ಮೊದಲ ದಿನ ತಿಳಿಯಾಗಿಯೇ ಇರ್ತದೆ, ನೋಡಿದವರು ಓ ಸತ್ತಿತು ಅಂತಾರೆ. ಎರಡನೇ ದಿನ ಸ್ವಲ್ಪ ಮಬ್ಬು, ಮೂರನೇ ದಿನಕ್ಕೆ ನೀರಿನ ಮೇಲೆ ಬಿಳಿ ಪೊರೆ, ಹಾಲಿನ ಕೆನೆಯ ಹಾಗೆ ಸುಕ್ಕು ಸುಕ್ಕಾಗಿ. ಇಪ್ಪತ್ತು ನಿಮಿಷ ಕುದಿದ ನೀರಿದು. ಹತ್ತಿ ಸಡಿಲ ಇತ್ತಾ, ಹೊರಗಿನಿಂದ ಬಂದದ್ದಾ ಅಂತ ಸಂಶಯ ಬರುದು ಸಹಜ, ಅದಕ್ಕೇ ನಾಲ್ಕನೇದ್ದು ಇಟ್ಟದ್ದು. ಅದೇ ಹುಲ್ಲು, ಅದೇ ಹತ್ತಿ, ಅದೇ ಮೂಲೆ, ಅದು ತಿಳಿಯಾಗಿದ್ರೆ ಎರಡನೇದ್ದರಲ್ಲಿ ಎದ್ದದ್ದು ಒಳಗಿದ್ದವೇ.

ಮೂರನೇದ್ದು ತಿಳಿಯಾಗಿ ಉಳೀಬೇಕು. ನಮ್ಮದು ಮೊದಲ ಸಲ ಉಳೀಲಿಲ್ಲ. ಮೂರು ದಿನ ಕುದಿಸಿದ್ದೇವೆ, ಗಡಿಯಾರ ನೋಡಿ ಕುದಿಸಿದ್ದೇವೆ, ಆದ್ರೂ ಐದನೇ ದಿನಕ್ಕೆ ಪೊರೆ. ಹುಡುಗಿಗೆ ಮಂಡೆ ಬಿಸಿ, ನನಗೂ ಮರ್ಯಾದೆ ಪ್ರಶ್ನೆ. ಕೂತು ಒಂದೊಂದೇ ಕೇಳ್ತಾ ಹೋದಾಗ ಗೊತ್ತಾಯ್ತು, ಒಂದು ಕುದಿಗೂ ಇನ್ನೊಂದಕ್ಕೂ ನಡುವೆ ಬಾಟ್ಲಿಯನ್ನು ಫ್ರಿಜ್ಜಲ್ಲಿ ಇಟ್ಟಿದ್ಲು, ಹಾಳಾಗಬಾರದು ಅಂತ! ಬೈಲಿಕ್ಕಾಗುದಿಲ್ಲ, ಯಾಕಂದ್ರೆ ಹೊರಗೇ ಇಡು ಅಂತ ನಾನು ಹೇಳಿರ್ಲಿಲ್ಲ. ಆದ್ರೆ ಈ ತಪ್ಪಲ್ಲೇ ಎಲ್ಲ ವಿಷಯ ಉಂಟು. ಮೂರು ಸಲ ಕುದಿಸುದು ಮೂರು ಸಲ ಜೋರು ಪೆಟ್ಟು ಕೊಡ್ಲಿಕ್ಕೆ ಅಲ್ಲ, ಮಲಗಿದ ಸ್ಪೋರಿಗೆ ಕುದಿಯ ಪೆಟ್ಟು ತಾಗುದು ಕಡಿಮೆಯೇ. ಮೊದಲ ಕುದಿಯ ನಂತರ ಬೆಚ್ಚಗೆ ಬಿಟ್ರೆ ಅದು ಏಳ್ತದೆ, ಎದ್ದ ಮೇಲೆ ಅದು ಬೇರೆ ಬ್ಯಾಕ್ಟೀರಿಯಾದ ಹಾಗೆ ಬರೀ ಮೆತ್ತನೆ ಜೀವ, ಎರಡನೇ ಕುದಿಗೆ ಸಾಯ್ತದೆ. ತಡವಾಗಿ ಎದ್ದವಕ್ಕೆ ಮೂರನೇ ಕುದಿ. ಫ್ರಿಜ್ಜಲ್ಲಿ ಇಟ್ರೆ ಅದು ಏಳುದೇ ಇಲ್ಲ, ಎರಡನೇ ಕುದಿ, ಮೂರನೇ ಕುದಿ ಎಲ್ಲ ಗ್ಯಾಸ್ ಖರ್ಚು. ಎರಡನೇ ಸಲ ಹೊರಗಿಟ್ಟು ಮಾಡಿದ್ಲು, ಬಾಟ್ಲಿ ಕನ್ನಡಿಯ ಹಾಗೆ ಉಳೀತು.

ಈ ಉಪಾಯ ಹೊಸದಲ್ಲ. 1876ರಲ್ಲಿ ಆಗಿನ ಜರ್ಮನಿಯ ಬ್ರೆಸ್ಲಾವ್‌ನಲ್ಲಿ ಫರ್ಡಿನಾಂಡ್ ಕೋನ್ ಅನ್ನುವವರು ಹುಲ್ಲಿನ ನೀರು ಕುದಿಸಿ ನೋಡಿಯೇ ಬ್ಯಾಸಿಲಸ್ ಸಬ್ಟಿಲಿಸ್ ಸ್ಪೋರಿನ ಬಗ್ಗೆ ಬರೆದದ್ದು. ಲಂಡನ್ನಿನ ವಿಜ್ಞಾನಿ ಜಾನ್ ಟಿಂಡಾಲ್ ಪಾಪ, ಅದೇ ಹೊತ್ತಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ತನ್ನ ಲ್ಯಾಬಿಗೆ ಹಳೆ ಹುಲ್ಲಿನ ಕಟ್ಟು ತಂದು, ಅದರ ಧೂಳಲ್ಲಿದ್ದ ಸ್ಪೋರ್ ಇಡೀ ಲ್ಯಾಬಲ್ಲಿ ಹಬ್ಬಿ, ಮೊದಲು ಐದು ನಿಮಿಷ ಕುದಿಸಿದ್ರೆ ಶುದ್ಧ ಆಗ್ತಿದ್ದದ್ದು ಗಂಟೆಗಟ್ಲೆ ಕುದಿಸಿದ್ರೂ ಆಗ್ಲಿಲ್ಲ, ಕೊನೆಗೆ ಕ್ಯೂ ಉದ್ಯಾನದ ಬೇರೆ ಲ್ಯಾಬಿಗೆ ಹೋಗಿ ಕೆಲಸ ಮಾಡ್ಬೇಕಾಯ್ತು. 1877ರಲ್ಲಿ ಅವರು ಬಿಟ್ಟು ಬಿಟ್ಟು ಬಿಸಿ ಮಾಡುವ ದಾರಿ ಹೇಳಿದ್ರು, ಅದಕ್ಕೆ ಈಗಲೂ ಟಿಂಡಲೈಸೇಶನ್ ಅಂತ ಹೆಸರು.

ಈಗ ಏಳುದು ಅಂದ್ರೆ ಒಳಗೆ ಎಂಥ ಆಗ್ತದೆ. ಸ್ಪೋರಿನ ಒಳಪೊರೆಯಲ್ಲಿ ಮೂಸಿ ನೋಡುವ ಪ್ರೋಟೀನುಗಳು ಇರ್ತವೆ. ಊಟ ಬಂತು ಅಂತ ಅದಕ್ಕೆ ಗೊತ್ತಾಗುದು ಎಲ್-ಅಲನಿನ್‌ನಂಥ ಅಮಿನೋ ಆಮ್ಲ, ಸಕ್ಕರೆ, ಪೊಟ್ಯಾಶಿಯಂ ಇವುಗಳಿಂದ. ತಮಾಷೆ ಅಂದ್ರೆ ಅದೇ ಅಲನಿನ್‌ನ ಕನ್ನಡಿ ರೂಪ ಡಿ-ಅಲನಿನ್ ಹಾಕಿದ್ರೆ ಉಲ್ಟಾ, ಏಳುದನ್ನು ತಡೀತದೆ. ಈ ಮೂಸುವ ಪ್ರೋಟೀನುಗಳು ಅಯಾನು, ಅಂದ್ರೆ ಪೊಟ್ಯಾಶಿಯಂನಂಥ ವಿದ್ಯುದಂಶದ ಕಣ, ಹೊರಗೆ ಬಿಡುವ ಬಾಗಿಲೇ ಅಂತ 2023ರಲ್ಲಿ ಹಾರ್ವರ್ಡಿನವರು ತೋರಿಸಿದ್ರು. ಅದಕ್ಕೆ ಹಿಂದಿನ ವರ್ಷ ಸ್ಯಾನ್ ಡಿಯಾಗೋದ ಗ್ಯುರೋಲ್ ಸ್ಯುಯೆಲ್ ತಂಡದವರು ಇನ್ನೂ ಚಂದದ್ದು ಕಂಡು ಹಿಡಿದಿದ್ರು: ಊಟದ ವಾಸನೆ ಒಂದು ಸಲ ಸ್ವಲ್ಪ ಹೊತ್ತು ಬಂದು ಹೋದ್ರೆ ಸ್ಪೋರ್ ಏಳುದಿಲ್ಲ, ಆದ್ರೆ ಕೂಡಿಟ್ಟ ಪೊಟ್ಯಾಶಿಯಂ ಸ್ವಲ್ಪ ಹೊರಗೆ ಬಿಡ್ತದೆ, ಇನ್ನೊಮ್ಮೆ ಬಂದ್ರೆ ಇನ್ನೂ ಸ್ವಲ್ಪ, ಹಾಗೆ ಲೆಕ್ಕ ಇಟ್ಕೊಂಡು ಒಂದು ಮಿತಿ ದಾಟಿದ್ರೆ ಮಾತ್ರ ಏಳುದು. ಉಸಿರು ಇಲ್ಲ, ಊಟ ಇಲ್ಲ, ಆದ್ರೂ ಲೆಕ್ಕ ಉಂಟು, ನಮ್ಮ ಊರಿನ ಕೆಲವು ಅಜ್ಜಂದಿರ ಹಾಗೆ.

ಒಮ್ಮೆ ನಿರ್ಧಾರ ಆದ ಮೇಲೆ ವಾಪಸ್ ಹೋಗ್ಲಿಕ್ಕಿಲ್ಲ, ಊಟ ತೆಗೆದ್ರೂ ಏಳುದು ನಿಲ್ಲುದಿಲ್ಲ. ಪೊಟ್ಯಾಶಿಯಂ ಎಲ್ಲ ಹೊರಗೆ, ಆಮೇಲೆ ಡೈಪಿಕೋಲಿನಿಕ್ ಆಮ್ಲ ಕ್ಯಾಲ್ಸಿಯಂ ಸಮೇತ ಹೊರಗೆ, ಆ ಜಾಗಕ್ಕೆ ನೀರು ಒಳಗೆ. ಗೆರಟೆಯನ್ನು ಒಡೀಲಿಕ್ಕೆ ಎರಡು ಕಿಣ್ವ ಮೊದಲೇ ರೆಡಿ ಇಟ್ಟಿರ್ತದೆ, ಅವು ಕಾರ್ಟೆಕ್ಸ್ ಕರಗಿಸ್ತವೆ, ತಿರುಳು ನೀರು ಕುಡಿದು ಉಬ್ಬಿ ಮತ್ತೆ 80% ಆಗ್ತದೆ. ಒಂದೊಂದು ಸ್ಪೋರಿಗೆ ಇದಿಷ್ಟು ಕೆಲವೇ ನಿಮಿಷದ ಕೆಲಸ. ಹಾಗಾದ್ರೆ ಬಾಟ್ಲಿ ಕಲಂಕಲಿಕ್ಕೆ ಯಾಕೆ ಒಂದೆರಡು ದಿನ ಅಂದ್ರೆ, ಎಲ್ಲ ಒಟ್ಟಿಗೆ ಏಳುದಿಲ್ಲ, ಮತ್ತೆ ಎದ್ದ ಕೂಡಲೇ ಮಕ್ಕಳಾಗುದಿಲ್ಲ, ಡಿಎನ್ಎ ಮೇಲಿನ ಕಂಬಳಿ ಪ್ರೋಟೀನನ್ನೇ ಕಡಿದು ತಿಂದು ಹೊಸ ಪ್ರೋಟೀನ್ ಮಾಡಿ, ಸಿಪ್ಪೆ ಬಿಚ್ಚಿ ಹೊರಗೆ ಬಂದು, ಮೊದಲ ಸಲ ಎರಡಾಗಿ ಒಡೀಲಿಕ್ಕೆ ಒಳ್ಳೆ ಊಟ ಇದ್ರೂ ಒಂದೂವರೆ ಎರಡು ಗಂಟೆ ಬೇಕು. ಆಮೇಲೆ ಬೆಳೆದು ಬೆಳೆದು ಕೋಟಿಗಟ್ಲೆ ಆದ್ರೆ ತಾನೆ ಕಣ್ಣಿಗೆ ಮಬ್ಬು ಕಾಣುದು.

ಇನ್ನೊಂದು, ಕುದಿ ಅದನ್ನು ಕೊಲ್ಲುದಿಲ್ಲ ಅಷ್ಟೇ ಅಲ್ಲ, ಸರಿಯಾದ ಬಿಸಿ ಅದನ್ನು ಏಳ್ಲಿಕ್ಕೆ ತಯಾರು ಮಾಡ್ತದೆ. ಲ್ಯಾಬಲ್ಲಿ ಬೇಕೆಂದೇ 70-80 ಡಿಗ್ರಿ ಬಿಸಿ ಕೊಟ್ಟು ಆಮೇಲೆ ಊಟ ಕೊಡ್ತಾರೆ, ಆಗ ಹೆಚ್ಚು ಸ್ಪೋರ್ ಬೇಗ ಏಳ್ತವೆ. ಕಾಲೇಜಲ್ಲಿ ಸೌಕರ್ಯ ಇದ್ದವರು ಎರಡನೇ ಬಾಟ್ಲಿಯ ಪೊರೆ ಸ್ವಲ್ಪ ತಗೊಂಡು ಸ್ಲೈಡ್ ಮಾಡಿ, ಮ್ಯಾಲಕೈಟ್ ಗ್ರೀನ್ ಅನ್ನುವ ಹಸಿರು ಬಣ್ಣ ಹಾಕಿ ಆವಿಯಲ್ಲಿ ಐದು ನಿಮಿಷ ಇಟ್ಟು, ತೊಳೆದು ಸ್ಯಾಫ್ರನಿನ್ ಅನ್ನುವ ಕೆಂಪು ಬಣ್ಣ ಹಾಕಿ. ಎದ್ದು ಬೆಳೆದವು ಕೆಂಪು ಕಡ್ಡಿ, ಮತ್ತೆ ಮಲಗಿದವು ಹಸಿರು ಮಣಿ. ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪ್ ಇದ್ರೆ ಬಣ್ಣವೇ ಬೇಡ, ಮಲಗಿದ್ದು ಮುತ್ತಿನ ಹಾಗೆ ಹೊಳೀತದೆ, ಏಳುವಾಗ ನೋಡ್ತಾ ನೋಡ್ತಾ ಆ ಹೊಳಪು ನಂದಿ ಕಪ್ಪಾಗ್ತದೆ, ನನ್ನ ಪ್ರಕಾರ ಮೈಕ್ರೋಸ್ಕೋಪಲ್ಲಿ ಇದಕ್ಕಿಂತ ಚಂದದ್ದು ಕಮ್ಮಿ. ಶುದ್ಧ ಸ್ಪೋರ್ ಇಟ್ಟು ನೀರಿನ ಮಬ್ಬು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಲ್ಲಿ 600 ನ್ಯಾನೋಮೀಟರ್ ಬೆಳಕಿಗೆ ರೀಡಿಂಗ್ ನೋಡುವ ಎಂಎಸ್ಸಿ ಮಕ್ಕಳು ಒಂದು ನೆನಪಿಡಿ, ಎದ್ದ ಕೂಡಲೇ ರೀಡಿಂಗ್ ಏರುದಿಲ್ಲ, ಮೊದಲು ಅರ್ಧಕ್ಕಿಂತ ಕೆಳಗೆ ಇಳೀತದೆ, ಹೊಳಪು ಹೋದದ್ದಕ್ಕೆ. ಮೆಷಿನ್ ಹಾಳಾಗಿದೆ ಸಾರ್ ಅಂತ ಓಡಿ ಬರ್ಬೇಡಿ.

ಐದನೇ ಬಾಟ್ಲಿ, ವಿನೆಗರಿನದ್ದು, ತಿಳಿಯಾಗಿಯೇ ಇರ್ತದೆ. ಅಲ್ಲಿ ಸ್ಪೋರ್ ಸತ್ತದ್ದಲ್ಲ, ಹುಳಿಯಲ್ಲಿ ಎದ್ದು ಬೆಳೀಲಿಕ್ಕೆ ಆಗದೆ ಇರುದು. ನಮ್ಮ ಮಿಡಿ ಉಪ್ಪಿನಕಾಯಿ ವರ್ಷಗಟ್ಲೆ ನಿಲ್ಲುದೂ ಇದೇ ಲೆಕ್ಕದಲ್ಲಿ, ಹುಳಿ ಮತ್ತೆ ಉಪ್ಪು. ಭಯಂಕರ ವಿಷ ಮಾಡುವ ಬಾಟುಲಿನಮ್ ಬ್ಯಾಕ್ಟೀರಿಯಾದ ಸ್ಪೋರಿಗೂ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆ ಆದಷ್ಟು ಹುಳಿ ಜಾಸ್ತಿ) 4.6ಕ್ಕಿಂತ ಕೆಳಗೆ ಬೆಳೆಯುದು ಆಗುದಿಲ್ಲ. ಹಾಗಂತ ತರಕಾರಿ, ಮೀನು ಎಲ್ಲ ಬಾಟ್ಲಿಗೆ ತುಂಬಿಸಿ ಮೂರು ದಿನ ಕುದಿಸಿ ಗಟ್ಟಿ ಮುಚ್ಚಳ ಹಾಕಿ ಇಡುವ ಅಂತ ಹೊರಡ್ಬೇಡಿ. ಏಳದೆ ಉಳಿದ ಒಂದೆರಡು ಸೋಮಾರಿಗಳು ಯಾವಾಗಲೂ ಇರ್ತವೆ, ಗಾಳಿ ಇಲ್ಲದ ಬಾಟ್ಲಿ ಬಾಟುಲಿನಮ್‌ಗೆ ತವರುಮನೆ. ವರ್ಷ ತುಂಬದ ಮಗುವಿಗೆ ಬಜೆ ತೇದು ಜೇನಲ್ಲಿ ನೆಕ್ಕಿಸುದು ಬೇಡ ಅಂತ ಡಾಕ್ಟ್ರು ಹೇಳುದೂ ಇದೇ ಕಾರಣಕ್ಕೆ, ಜೇನಲ್ಲಿ ಮಲಗಿದ್ದು ಎಳೆ ಮಗುವಿನ ಕರುಳಲ್ಲಿ ಎದ್ದು ವಿಷ ಮಾಡ್ತದೆ. ಅಜ್ಜಿಯಂದಿರಿಗೆ ಬೇಜಾರಾಗ್ಬಹುದು, ಆಗ್ಲಿ.

ನನ್ನ ಅಜ್ಜಿ ಬಂಗುಡೆ ಸಾರನ್ನು ಮಣ್ಣಿನ ಪಾತ್ರೆಯಲ್ಲಿ ಮಾಡಿ ರಾತ್ರಿ ಮಲಗುವ ಮೊದಲು ಒಮ್ಮೆ ಕುದಿಸಿ ಇಡ್ತಿದ್ರು, ಬೆಳಿಗ್ಗೆ ನೀರುದೋಸೆಗೆ ಮೊದಲು ಇನ್ನೊಮ್ಮೆ. ಮನೆಯಲ್ಲಿ ಫ್ರಿಜ್ ಇರ್ಲಿಲ್ಲ. ರಾತ್ರಿ ಎದ್ದವು ಬೆಳಿಗ್ಗೆಯ ಕುದಿಗೆ ಹೋಗ್ತಿದ್ವು, ಹುಳಿ ಬೇರೆ ಧಾರಾಳ. ಟಿಂಡಾಲ್ ಯಾರು ಅಂತ ಅವರಿಗೆ ಗೊತ್ತಿರ್ಲಿಲ್ಲ. ಅವರು ತಪ್ಪದೆ ಮಾಡ್ತಿದ್ದ ಇನ್ನೊಂದು, ಕುದಿಸಿದ ಮೇಲೆ ಸೌಟು ಹಾಕ್ತಿರ್ಲಿಲ್ಲ.

ಅನ್ನದಲ್ಲಿ ಈ ಉಪಾಯ ನಡೆಯುದಿಲ್ಲ, ಇದನ್ನು ಸರಿಯಾಗಿ ಓದಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಸ್ಪೋರ್ ಸಾಮಾನ್ಯ, ಬೇಯಿಸಿದ್ರೆ ಸಾಯುದಿಲ್ಲ, ಬಿಸಿಗೆ ತಯಾರಾಗ್ತದೆ, ಅನ್ನ ಬೆಚ್ಚಗಾದಾಗ ಎದ್ದು ಬೆಳೆದು ಸೆರಿಯುಲೈಡ್ ಅನ್ನುವ ವಿಷ ಮಾಡ್ತದೆ. ಆ ವಿಷ 121 ಡಿಗ್ರಿಯಲ್ಲಿ ಗಂಟೆಗಟ್ಲೆ ಇಟ್ರೂ ಹೋಗುದಿಲ್ಲ. ಹಾಗಾಗಿ ಬ್ಯಾಕ್ಟೀರಿಯಾ ಕೊಂದು ಪ್ರಯೋಜನ ಇಲ್ಲ, ಏಳ್ಲಿಕ್ಕೇ ಬಿಡಬಾರದು. ಮದುವೆ ಮನೆಯ ಅನ್ನ ಮಧ್ಯಾಹ್ನದಿಂದ ಸಂಜೆವರೆಗೆ ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ರೆ ನಡು ಭಾಗ ರಾತ್ರಿವರೆಗೂ ಬೆಚ್ಚಗೇ ಇರ್ತದೆ, ಅದೇ ಅನ್ನ ಬಾಣಲೆಗೆ ಹಾಕಿ ಫ್ರೈಡ್ ರೈಸ್ ಮಾಡಿದ್ರೆ ಉರಿಗೆ ಬ್ಯಾಕ್ಟೀರಿಯಾ ಸತ್ತೀತು, ವಿಷ ಹಾಗೇ ಉಳೀತದೆ, ತಿಂದು ಒಂದರಿಂದ ಆರು ಗಂಟೆಯೊಳಗೆ ವಾಂತಿ. ತಿನ್ನುವವರೆಗೆ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡಿ, ಇಲ್ಲದಿದ್ರೆ ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, 5 ಡಿಗ್ರಿಗಿಂತ ಕೆಳಗೆ. ಪ್ರಾಜೆಕ್ಟ್ ಬಾಟ್ಲಿಗೆ ಫ್ರಿಜ್ ಬೇಡ, ಅನ್ನಕ್ಕೆ ಫ್ರಿಜ್ಜೇ ಬೇಕು, ಒಂದು ಕಡೆ ಎಬ್ಬಿಸ್ಬೇಕು ಇನ್ನೊಂದು ಕಡೆ ಎಬ್ಬಿಸಬಾರದು.

ತೋಟ ಇದ್ದವರಿಗೆ ಒಂದು ಮಾತು. ಗೊಬ್ಬರದ ಅಂಗಡಿಯಲ್ಲಿ ಸಿಗುವ ಬ್ಯಾಸಿಲಸ್ ಪುಡಿಯಲ್ಲಿ ಇರುದೂ ಮಲಗಿದ ಸ್ಪೋರೇ, ಅದಕ್ಕೇ ಅದು ಕಪಾಟಲ್ಲಿ ತಿಂಗಳುಗಟ್ಲೆ ಉಳಿಯುದು. ಕೆಲವರು ಬೆಲ್ಲದ ನೀರಲ್ಲಿ ಕಲಸಿ ರಾತ್ರಿ ಇಟ್ಟು ಎಬ್ಬಿಸಿ ಹಾಕ್ತಾರೆ, ಒಳ್ಳೆದೇ, ಆದ್ರೆ ಎದ್ದ ಮೇಲೆ ಅದು ಮೆತ್ತಗಿನ ಜೀವ ಅಂತ ಹೇಳಿದೆನಲ್ಲ, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆದ ಪಂಪಿಗೇ ಅದನ್ನು ತುಂಬಿಸಿದ್ರೆ ಮೈಲುತುತ್ತು ಅದನ್ನೇ ಮೊದಲು ಕೊಲ್ತದೆ. ಕಲಸಿದ್ದನ್ನು ನಾಲ್ಕು ದಿನ ಬಿಟ್ಟು ಹಾಕುದೂ ಸುಮ್ಮನೆ, ಬೆಲ್ಲ ಮುಗಿದು ಅದು ಇನ್ನೊಂದು ಸಲ ಮಲಗಿರ್ತದೆ, ಇಲ್ಲ ಬೇರೆ ಎಂಥದೋ ಬೆಳೆದಿರ್ತದೆ.

ಎಷ್ಟು ವರ್ಷ ಮಲಗ್ಬಹುದು ಅಂತ ಹುಡುಗಿ ಕೇಳಿದ್ಲು. ಎಡಿನ್‌ಬರಾ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ಒಣಗಿಸಿದ ಸ್ಪೋರನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ 500 ವರ್ಷದ ಪ್ರಯೋಗ ಶುರು ಮಾಡಿದ್ದಾರೆ, ಮೊದಲ 24 ವರ್ಷ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ 25 ವರ್ಷಕ್ಕೊಮ್ಮೆ ಒಡೆದು ಎಬ್ಬಿಸಿ ನೋಡ್ಲಿಕ್ಕೆ, ಮುಗಿಯುದು 2514ರಲ್ಲಿ. ಹಾಗಾದ್ರೆ ನಮ್ಮ ಪ್ರಾಜೆಕ್ಟಿಗೆ ಅಷ್ಟು ಟೈಮಿಲ್ಲ ಮಾಮ ಅಂದ್ಲು.

ಎಲ್ಲ ನೋಡಿ ಆದ ಮೇಲೆ ಬಾಟ್ಲಿಯ ನೀರನ್ನು ಹಾಗೇ ಸಿಂಕಿಗೆ ಚೆಲ್ಬೇಡಿ, ಬಾಯಿಗಂತೂ ಹಾಕ್ಬೇಡಿ, ಪೊರೆಯನ್ನು ಬೆರಳಲ್ಲಿ ಮುಟ್ಟಿ ನೋಡುದೂ ಬೇಡ. ಬಟ್ಟೆಗೆ ಹಾಕುವ ಬ್ಲೀಚ್ ಹತ್ತರಲ್ಲಿ ಒಂದು ಪಾಲು ಬರುವ ಹಾಗೆ ಬಾಟ್ಲಿಗೆ ಹಾಕಿ ಅರ್ಧ ಗಂಟೆ ಬಿಡಿ, ಸ್ಪೋರಿಗೆ ಐದು ನಿಮಿಷ ಸಾಲುದಿಲ್ಲ. ಐದನೇ ಬಾಟ್ಲಿಗೆ ಮಾತ್ರ ಬ್ಲೀಚ್ ಹಾಕ್ಲೇ ಬೇಡಿ, ವಿನೆಗರ್ ಜೊತೆ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರ್ತದೆ, ಅದನ್ನು ನಾಲ್ಕನೇದ್ದರ ಹಾಗೆ ಕುಕ್ಕರಲ್ಲಿ ಅರ್ಧ ಗಂಟೆ ಇಟ್ಟು ಚೆಲ್ಲಿ. ಹತ್ತಿಯನ್ನು ಸುಡಿ, ಕುಕ್ಕರನ್ನು ಸೋಪಲ್ಲಿ ತೊಳೆದು ಅಮ್ಮನಿಗೆ ವಾಪಸ್ ಕೊಡಿ.